ಬಾಡಿಗೆ ಕಟ್ಟಡ ಕೊಳ್ಳುವ ಆಲೋಚನೆಯೇ? ಎಷ್ಟು ಬರುತ್ತದೆ ಎಂದಲ್ಲ, ಎಷ್ಟು ಉಳಿಯುತ್ತದೆ ಎಂದು ಮೊದಲು ನೋಡಿ

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ಹತ್ತಿಪ್ಪತ್ತು ವರ್ಷ ದುಡಿದ ಅನೇಕ ಕನ್ನಡಿಗರ ಮನಸ್ಸಿನಲ್ಲಿ ಒಂದು ಯೋಜನೆ ಇರುತ್ತದೆ. ಬೆಂಗಳೂರಿನಲ್ಲಿ 30×40 ನಿವೇಶನದ ಮೇಲೆ ನಾಲ್ಕೈದು ಮನೆಗಳಿರುವ ಒಂದು ಕಟ್ಟಡ, ತಿಂಗಳಾದರೆ ಖಾತೆಗೆ ಬಾಡಿಗೆ, ನಿವೃತ್ತಿಯಾದ ಮೇಲೆ ಅದರಲ್ಲೇ ಒಂದು ಮನೆಯಲ್ಲಿ ವಾಸ. ಭವಿಷ್ಯ ನಿಧಿ, ಊರಿನ ಜಮೀನು ಮಾರಿದ ಹಣ, ಬ್ಯಾಂಕ್ ಸಾಲ ಎಲ್ಲವೂ ಸೇರಿ ಇಂಥ ಖರೀದಿ ನಡೆಯುತ್ತದೆ. ಬಹುಪಾಲು ಕುಟುಂಬಗಳಿಗೆ ಇದು ಜೀವಮಾನದಲ್ಲಿ ಒಂದೇ ಬಾರಿ ಕೈಗೊಳ್ಳುವ ನಿರ್ಧಾರ.

ಆದರೆ ಮಾರಾಟದ ಜಾಹೀರಾತಿನಲ್ಲಿ ಕಾಣುವ 'ತಿಂಗಳಿಗೆ ಇಷ್ಟು ಬಾಡಿಗೆ' ಎಂಬ ಸಂಖ್ಯೆ ಮಾಲೀಕರ ಕೈಗೆ ಬರುವ ಆದಾಯವಲ್ಲ. ಅದರಿಂದ ಏನೇನು ಕಳೆಯಬೇಕು, ಎಷ್ಟು ಸಾಲವನ್ನು ಕಟ್ಟಡ ಹೊರಬಲ್ಲದು, ಯಾವ ದಾಖಲೆ ನೋಡಬೇಕು, ದೂರದ ಊರಿನಿಂದ ಬಾಡಿಗೆದಾರರನ್ನು ನೋಡಿಕೊಳ್ಳುವುದು ಹೇಗೆ ಎಂಬ ಮಾಹಿತಿ ಇಲ್ಲಿದೆ.

ಫ್ಲ್ಯಾಟ್‌ಗೂ ಬಾಡಿಗೆ ಕಟ್ಟಡಕ್ಕೂ ಏನು ವ್ಯತ್ಯಾಸ?

ಒಂದೇ ನಿವೇಶನ, ಒಂದೇ ಕ್ರಯಪತ್ರ, ಆದರೆ ಹಲವು ಬಾಗಿಲು. ಸಣ್ಣ ಬಾಡಿಗೆ ಕಟ್ಟಡ ಎಂದರೆ ಇಷ್ಟೇ. ಬೆಂಗಳೂರಿನಲ್ಲಿ ಇದು ಸಾಮಾನ್ಯವಾಗಿ 20×30 (600 ಚದರ ಅಡಿ) ಅಥವಾ 30×40 (1200 ಚದರ ಅಡಿ) ನಿವೇಶನದಲ್ಲಿ ನೆಲಮಹಡಿ ಮತ್ತು ಮೇಲೆ ಎರಡು ಮೂರು ಅಂತಸ್ತಿನ ರೂಪದಲ್ಲಿರುತ್ತದೆ.

ಒಂದು ಫ್ಲ್ಯಾಟ್ ಖಾಲಿಯಾದರೆ ಆ ತಿಂಗಳ ಬಾಡಿಗೆ ಸೊನ್ನೆ. ನಾಲ್ಕು ಮನೆಯ ಕಟ್ಟಡದಲ್ಲಿ ಒಂದು ಖಾಲಿಯಾದರೂ ಉಳಿದ ಮೂರರ ಬಾಡಿಗೆ ಬರುತ್ತಿರುತ್ತದೆ. ಫ್ಲ್ಯಾಟ್‌ನಲ್ಲಿ ಭೂಮಿಯ ಅವಿಭಾಜ್ಯ ಪಾಲು ಮಾತ್ರ ಸಿಗುತ್ತದೆ. ಇಲ್ಲಿ ಇಡೀ ನಿವೇಶನ ಮಾಲೀಕರದು. ಸಂಘದ ನಿರ್ವಹಣಾ ಶುಲ್ಕವೂ ಇಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಬಾಡಿಗೆ ನಿಂತುಹೋಗುವ ಅಪಾಯ ನಾಲ್ಕು ಬಾಗಿಲುಗಳಿಗೆ ಹಂಚಿಹೋದರೂ, ದಾಖಲೆ ಮತ್ತು ಕಟ್ಟಡದ ಅಪಾಯ ಒಂದೇ ಕಡೆ ಕೂಡುತ್ತದೆ. ಮೂಲಪತ್ರದಲ್ಲಿ ದೋಷವಿದ್ದರೆ ನಾಲ್ಕೂ ಮನೆಗಳಿಗೆ ಒಟ್ಟಿಗೇ ತೊಂದರೆ. ಜೊತೆಗೆ, 500 ಚದರ ಮೀಟರ್ ಮೀರದ ನಿವೇಶನದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗಳಿಗೆ ರೇರಾ ನೋಂದಣಿ ಕಡ್ಡಾಯವಲ್ಲ. 30×40 ನಿವೇಶನ ಸುಮಾರು 111 ಚದರ ಮೀಟರ್ ಮಾತ್ರ. ಹಾಗಾಗಿ ದೊಡ್ಡ ಅಪಾರ್ಟ್‌ಮೆಂಟ್ ಕೊಳ್ಳುವವರು ರೇರಾ ಜಾಲತಾಣದಲ್ಲಿ ನೋಡುವ ಯಾವ ವಿವರವೂ ಇಲ್ಲಿ ಸಿಗುವುದಿಲ್ಲ. ಪರಿಶೀಲನೆಯ ಹೊಣೆ ಪೂರ್ತಿ ಕೊಳ್ಳುವವರದೇ.

ಕಳೆಯುವ ಲೆಕ್ಕ: ಶೇ. 4.7 ಆಗುತ್ತದೆ ಶೇ. 2.9

ಲೆಕ್ಕ ಅರ್ಥವಾಗಲು ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ಕಾಲ್ಪನಿಕ ಕಟ್ಟಡ. ಬಡಾವಣೆಯಿಂದ ಬಡಾವಣೆಗೆ ಸಂಖ್ಯೆ ಬದಲಾಗುತ್ತದೆ, ಆದರೆ ಲೆಕ್ಕ ಹಾಕುವ ವಿಧಾನ ಒಂದೇ.

30×40 ನಿವೇಶನ, ನೆಲಮಹಡಿ ಮತ್ತು ಎರಡು ಅಂತಸ್ತು. ನೆಲಮಹಡಿಯಲ್ಲಿ ಪಾರ್ಕಿಂಗ್ ಮತ್ತು ಒಂದು ಸಿಂಗಲ್ ಬೆಡ್‌ರೂಮ್ ಮನೆ (13,000 ರೂ.), ಮೊದಲ ಮಹಡಿಯಲ್ಲಿ ಒಂದು ಡಬಲ್ ಬೆಡ್‌ರೂಮ್ (22,000 ರೂ.), ಎರಡನೇ ಮಹಡಿಯಲ್ಲಿ ಎರಡು ಸಿಂಗಲ್ ಬೆಡ್‌ರೂಮ್ (ತಲಾ 14,000 ರೂ.). ತಿಂಗಳ ಬಾಡಿಗೆ 63,000, ವರ್ಷಕ್ಕೆ 7.56 ಲಕ್ಷ ರೂ. ಮಾರಾಟದ ಬೆಲೆ 1.60 ಕೋಟಿ. ಏಜೆಂಟ್ ಹೇಳುವ ಲೆಕ್ಕದಲ್ಲಿ ಇಳುವರಿ ಶೇ. 4.7.

ಈಗ ಖರೀದಿಯ ನಿಜವಾದ ವೆಚ್ಚ ನೋಡೋಣ. ಕರ್ನಾಟಕದಲ್ಲಿ ಈ ಬೆಲೆಯ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರ ಪ್ರದೇಶದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಗಿದೆ. ಒಟ್ಟು ಶೇ. 7.6, ಅಂದರೆ 12.16 ಲಕ್ಷ ರೂ. ಏಜೆಂಟ್ ಕಮಿಷನ್ ಶೇ. 1 ಎಂದರೆ 1.60 ಲಕ್ಷ. ವಕೀಲರು, ಎಂಜಿನಿಯರ್, ಬಣ್ಣ, ಸಣ್ಣ ದುರಸ್ತಿಗೆ 2.24 ಲಕ್ಷ. ಕಟ್ಟಡ ಕೈಗೆ ಬರುವಾಗ ಖರ್ಚಾಗಿರುವುದು 1.76 ಕೋಟಿ.

ವರ್ಷದ ಖರ್ಚುಗಳು ಹೀಗಿರಬಹುದು:

- ಪ್ರತಿ ಮನೆ ವರ್ಷದಲ್ಲಿ ಸರಾಸರಿ ಒಂದು ತಿಂಗಳು ಖಾಲಿ: 63,000 ರೂ.
- ದುರಸ್ತಿ, ಬಣ್ಣ, ನಲ್ಲಿ, ಸೋರಿಕೆ: 60,000 ರೂ.
- ಉಸ್ತುವಾರಿ ನೋಡಿಕೊಳ್ಳುವವರಿಗೆ ತಿಂಗಳಿಗೆ 4,000ದಂತೆ: 48,000 ರೂ.
- ಮೆಟ್ಟಿಲು ದೀಪ, ಪಂಪ್‌ನ ವಿದ್ಯುತ್, ಸ್ವಚ್ಛತೆ: 30,000 ರೂ.
- ಹೊಸ ಬಾಡಿಗೆದಾರರನ್ನು ಹುಡುಕುವ ಬ್ರೋಕರೇಜ್, ಕರಾರು ಪತ್ರ: 24,000 ರೂ.
- ಆಸ್ತಿ ತೆರಿಗೆ: 15,000 ರೂ.
- ಕಟ್ಟಡ ವಿಮೆ: 6,000 ರೂ.

ಒಟ್ಟು 2.46 ಲಕ್ಷ. ಉಳಿಯುವುದು 5.10 ಲಕ್ಷ, ತಿಂಗಳಿಗೆ 42,500 ರೂ. ಹೂಡಿದ 1.76 ಕೋಟಿಗೆ ಹೋಲಿಸಿದರೆ ಇದು ಶೇ. 2.9.

ಬ್ಯಾಂಕ್ ಠೇವಣಿಯ ಬಡ್ಡಿಗಿಂತ ಇದು ಕಡಿಮೆ. ಹಾಗೆಂದು ಕೊಳ್ಳಲೇಬಾರದು ಎಂದಲ್ಲ. ಠೇವಣಿಯ ಅಸಲು ಬೆಳೆಯುವುದಿಲ್ಲ. ಬಾಡಿಗೆ ವರ್ಷವರ್ಷ ಏರುತ್ತದೆ, ನಿವೇಶನದ ಬೆಲೆಯೂ ಏರಬಹುದು. ಆದರೆ ಕೊಳ್ಳುವವರಿಗೆ ಒಂದು ವಿಷಯ ಸ್ಪಷ್ಟವಿರಬೇಕು. ಇಂದಿನ ಬೆಲೆಯಲ್ಲಿ ಇಂಥ ಕಟ್ಟಡ ಕೊಳ್ಳುವುದೆಂದರೆ ಮುಖ್ಯವಾಗಿ ಭೂಮಿಯ ಬೆಲೆ ಏರುತ್ತದೆ ಎಂಬ ನಂಬಿಕೆಯ ಮೇಲೆ ಹಣ ಹಾಕುವುದು. ಬಾಡಿಗೆ ಅದಕ್ಕೆ ಆಸರೆ ಮಾತ್ರ.

ಕಟ್ಟಡ ಎಷ್ಟು ಸಾಲ ಹೊರುತ್ತದೆ?

'ಬಾಡಿಗೆಯಲ್ಲೇ ಇಎಂಐ ಕಟ್ಟಬಹುದು' ಎಂಬ ಮಾತು ಸಾಮಾನ್ಯ. ಅಮೆರಿಕದಲ್ಲಿ ಎರಡರಿಂದ ನಾಲ್ಕು ಮನೆಗಳ ಕಟ್ಟಡ ಕೊಂಡು, ಒಂದರಲ್ಲಿ ತಾವಿದ್ದು, ಉಳಿದವುಗಳ ಬಾಡಿಗೆಯಿಂದ ಕಂತು ಕಟ್ಟುವ ಪದ್ಧತಿ ಜನಪ್ರಿಯ. ಅದನ್ನು ವಿಡಿಯೋಗಳಲ್ಲಿ ನೋಡಿ ಇಲ್ಲಿಯೂ ಹಾಗೆಯೇ ಎಂದುಕೊಳ್ಳುವವರಿದ್ದಾರೆ. ನಮ್ಮ ನಗರಗಳಲ್ಲಿ ಬೆಲೆಗೂ ಬಾಡಿಗೆಗೂ ಇರುವ ಅಂತರ ದೊಡ್ಡದು.

ರಿಸರ್ವ್ ಬ್ಯಾಂಕ್ ನಿಯಮದಂತೆ 75 ಲಕ್ಷ ರೂ. ಮೀರಿದ ಗೃಹಸಾಲದಲ್ಲಿ ಆಸ್ತಿ ಮೌಲ್ಯದ ಗರಿಷ್ಠ ಶೇ. 75ರಷ್ಟು ಮಾತ್ರ ಸಾಲ ಸಿಗುತ್ತದೆ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಈ ಮಿತಿ ಶೇ. 80. ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಈ ಮೌಲ್ಯಕ್ಕೆ ಸೇರಿಸುವುದಿಲ್ಲ. ಅದನ್ನು ಕೈಯಿಂದಲೇ ಕಟ್ಟಬೇಕು.

ನಮ್ಮ ಉದಾಹರಣೆಯಲ್ಲಿ ಗರಿಷ್ಠ ಸಾಲ 1.20 ಕೋಟಿ. ಶೇ. 8.5 ಬಡ್ಡಿ, 20 ವರ್ಷ ಎಂದಾದರೆ ಇಎಂಐ ಸುಮಾರು 1.04 ಲಕ್ಷ. ನಿವ್ವಳ ಬಾಡಿಗೆ 42,500. ಪ್ರತಿ ತಿಂಗಳು ಸಂಬಳದಿಂದ 61,500 ರೂ. ಹಾಕಬೇಕು. ನಿವ್ವಳ ಬಾಡಿಗೆ ವರ್ಷಕ್ಕೆ ಶೇ. 5ರಂತೆ ಏರುತ್ತ ಹೋದರೂ ಅದು ಇಎಂಐಗೆ ಸಮವಾಗಲು ಸುಮಾರು 18 ವರ್ಷ ಬೇಕು. ಅಷ್ಟರಲ್ಲಿ ಸಾಲವೇ ಮುಗಿಯುತ್ತ ಬಂದಿರುತ್ತದೆ.

ಸಾಲ 50 ಲಕ್ಷವಾದರೆ ಇಎಂಐ ಸುಮಾರು 43,400. ಇದನ್ನು ಕಟ್ಟಡ ಹೆಚ್ಚುಕಡಿಮೆ ತಾನೇ ಹೊರುತ್ತದೆ. ಅಂದರೆ 1.76 ಕೋಟಿಯಲ್ಲಿ 1.26 ಕೋಟಿ ಸ್ವಂತ ಹಣವಿದ್ದರೆ ಮಾತ್ರ 'ಬಾಡಿಗೆಯಲ್ಲೇ ಇಎಂಐ' ಎಂಬ ಮಾತು ನಿಜ. ಖರೀದಿಗೆ ಮುನ್ನ ಈ ಒಂದು ಸಂಖ್ಯೆಯನ್ನು ಕಂಡುಕೊಳ್ಳುವುದು ಅತ್ಯಗತ್ಯ. ಕೆಲಸ ಹೋದರೆ, ಕಾಯಿಲೆ ಬಂದರೆ, ಆರು ತಿಂಗಳು ಸಂಬಳವಿಲ್ಲದೆ ಈ ಕಂತು ನಡೆಯುತ್ತದೆಯೇ ಎಂದು ಕುಟುಂಬ ಕೂತು ಕೇಳಿಕೊಳ್ಳಬೇಕು. ಕಟ್ಟಡವನ್ನು ಷೇರಿನಂತೆ ಒಂದು ದಿನದಲ್ಲಿ ಮಾರಲಾಗುವುದಿಲ್ಲ.

ದಾಖಲೆ: ಖಾತಾ ಇದ್ದರೆ ಸಾಕೇ?

ಸಾಲದು. ಖಾತಾ ಎಂಬುದು ತೆರಿಗೆ ಕಟ್ಟುವವರ ಹೆಸರಿನ ದಾಖಲೆ. ಅದೊಂದೇ ಮಾಲೀಕತ್ವದ ಪುರಾವೆಯಲ್ಲ. ಅನುಭವಿ ವಕೀಲರಿಂದ ಪರಿಶೀಲಿಸಿಸಬೇಕಾದ ಮುಖ್ಯ ಅಂಶಗಳು ಇವು.

ಮೂಲಪತ್ರ ಮತ್ತು ಕೈಬದಲಾದ ಸರಣಿ: ಭೂಮಿ ಕೃಷಿ ಜಮೀನಾಗಿದ್ದ ಕಾಲದಿಂದ ಇಂದಿನ ಮಾರಾಟಗಾರರವರೆಗೆ ಪ್ರತಿ ವರ್ಗಾವಣೆಯ ಪತ್ರ ಇರಬೇಕು. ಕನಿಷ್ಠ 30 ವರ್ಷದ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಬೇಕು. ಕಾವೇರಿ ಜಾಲತಾಣದಲ್ಲಿ ಇದಕ್ಕೆ ಆನ್‌ಲೈನ್ ಅರ್ಜಿ ಹಾಕಬಹುದು.

ಭೂ ಪರಿವರ್ತನೆ: ಕಂದಾಯ ಭೂಮಿಯಲ್ಲಿ ಎದ್ದ ಬಡಾವಣೆಯಾದರೆ ಕೃಷಿಯೇತರ ಬಳಕೆಗೆ ಪರಿವರ್ತನೆ ಆದೇಶ ಆಗಿದೆಯೇ, ಬಡಾವಣೆ ನಕ್ಷೆಗೆ ಅನುಮೋದನೆ ಇದೆಯೇ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿಯಿಲ್ಲದೆ ಆದ ಮಾರಾಟ ರದ್ದಾಗಬಹುದು. ಹಳೆಯ ಮಾರಾಟವನ್ನು ಪ್ರಶ್ನಿಸಲು ಕಾಲಮಿತಿಯ ಅಡ್ಡಿ ಇರಬಾರದೆಂದು 2023ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತರಲಾಗಿದೆ.

ಎಲ್ಲ ವಾರಸುದಾರರ ಸಹಿ: ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಾನ ಹಕ್ಕಿದೆ ಎಂದು 2005ರ ತಿದ್ದುಪಡಿ ಹೇಳುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರಿದ ಆಸ್ತಿಗೆ ವರ್ಷಗಳ ನಂತರ ಅಕ್ಕತಂಗಿಯರಿಂದ ದಾವೆ ಬರಬಹುದು. ವಂಶವೃಕ್ಷ ತರಿಸಿ ಎಲ್ಲರ ಸಹಿ ಅಥವಾ ಹಕ್ಕು ಬಿಡುಗಡೆ ಪತ್ರ ಇದೆಯೇ ಎಂದು ನೋಡಬೇಕು.

ಜಿಪಿಎ ಮಾರಾಟ ಬೇಡ: ಜನರಲ್ ಪವರ್ ಆಫ್ ಅಟಾರ್ನಿ ಮತ್ತು ಕರಾರು ಪತ್ರದಿಂದ ಮಾಲೀಕತ್ವ ವರ್ಗವಾಗುವುದಿಲ್ಲ, ಅದಕ್ಕೆ ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಎ ಖಾತಾ, ಬಿ ಖಾತಾ, ಇ-ಖಾತಾ: ಬೆಂಗಳೂರಿನಲ್ಲಿ ಆಸ್ತಿ ನೋಂದಣಿಗೆ 2024ರ ಅಕ್ಟೋಬರ್‌ನಿಂದ ಇ-ಖಾತಾ ಕಡ್ಡಾಯ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ಹಾಗಾಗಿ ಆಸ್ತಿ ಯಾವ ಪಾಲಿಕೆಗೆ ಸೇರಿದೆ ಎಂದೂ ತಿಳಿದಿರಬೇಕು. ಬಿ ಖಾತಾ ಆಸ್ತಿ ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಹಲವು ಬ್ಯಾಂಕ್‌ಗಳು ಸಾಲ ಕೊಡಲು ಹಿಂಜರಿಯುತ್ತವೆ, ಮುಂದೆ ಮಾರುವಾಗಲೂ ಕೊಳ್ಳುವವರು ಕಡಿಮೆ. ಬಿ ಖಾತಾವನ್ನು ಎ ಖಾತಾಗೆ ಪರಿವರ್ತಿಸುವ ಯೋಜನೆಯನ್ನು ಸರ್ಕಾರ 2025ರಲ್ಲಿ ತಂದಿದೆ. ನಿವೇಶನದ ಖಾತಾ ಬದಲಾದ ಮಾತ್ರಕ್ಕೆ ಅದರ ಮೇಲಿನ ಕಟ್ಟಡದ ನಕ್ಷೆ ಉಲ್ಲಂಘನೆ ತಾನಾಗಿ ಸಕ್ರಮವಾಗುವುದಿಲ್ಲ ಎಂಬುದು ನೆನಪಿರಲಿ. ಕಟ್ಟಡ ಉಲ್ಲಂಘನೆ ಸರಿಪಡಿಸಬೇಕಿದ್ದ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ನೀಡಿತು.

ರಾಜಕಾಲುವೆ, ಕೆರೆ: ಗ್ರಾಮ ನಕ್ಷೆಯ ಮೇಲೆ ನಿವೇಶನವನ್ನು ಗುರುತಿಸಿ, ಹಳೆಯ ಕಾಲುವೆ ಅಥವಾ ಕೆರೆ ಅಂಗಳ ಹತ್ತಿರವಿದೆಯೇ ಎಂದು ನೋಡಬೇಕು. 2022ರ ಪ್ರವಾಹದ ನಂತರ ನಗರದ ಪೂರ್ವ ಭಾಗದಲ್ಲಿ ರಾಜಕಾಲುವೆ ಒತ್ತುವರಿ ತೆರವು ನಡೆದಾಗ ಜೆಸಿಬಿ ಮನೆಗಳ ಬಾಗಿಲಿಗೂ ಬಂದಿತ್ತು.

ಹೆಚ್ಚು ಮಹಡಿ, ಹೆಚ್ಚು ಬಾಡಿಗೆ, ಹೆಚ್ಚು ಅಪಾಯ

ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015ರ ಪ್ರಕಾರ, 360 ಚದರ ಮೀಟರ್‌ವರೆಗಿನ ವಸತಿ ನಿವೇಶನಕ್ಕೆ ಸಾಮಾನ್ಯ ಅಗಲದ ರಸ್ತೆಯಲ್ಲಿ ಮೂಲ ಎಫ್‌ಎಆರ್ 1.75. ಅಂದರೆ 1200 ಚದರ ಅಡಿ ನಿವೇಶನದಲ್ಲಿ ಸುಮಾರು 2100 ಚದರ ಅಡಿ ಕಟ್ಟಬಹುದು. ಅದೇ ಅಳತೆಯ ನಿವೇಶನದಲ್ಲಿ ಐದು ಮಹಡಿ, ಹತ್ತು ಮನೆ ಎಂಬ ಜಾಹೀರಾತು ಕಂಡರೆ ನಕ್ಷೆ ಕೇಳಲೇಬೇಕು. ಅಲ್ಲಿ ಇಳುವರಿ ಶೇ. 7 ಅಥವಾ 8 ಎಂದು ತೋರಿಸಲು ಸಾಧ್ಯವಾಗುವುದೇ ಅನುಮತಿ ಇಲ್ಲದ ಮಹಡಿಗಳಿಂದ. ಆ ಮಹಡಿಗಳ ಬಾಡಿಗೆಗೂ ಸೇರಿಸಿ ಬೆಲೆ ಕೊಟ್ಟರೆ, ನೋಟಿಸ್ ಬಂದ ದಿನ ನಷ್ಟ ಹೊಸ ಮಾಲೀಕರದು.

ಇದು ಬರೀ ಹಣದ ಮಾತಲ್ಲ. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಎರಡು ಅಂತಸ್ತಿಗೆಂದು ಹಾಕಿದ ಅಡಿಪಾಯದ ಮೇಲೆ ಮತ್ತೆರಡು ಅಂತಸ್ತು ಏರಿಸಿದ ಕಟ್ಟಡದಲ್ಲಿ ನಾಲ್ಕು ಕುಟುಂಬಗಳನ್ನು ಇರಿಸುವ ಹೊಣೆ ಮಾಲೀಕರ ಮೇಲಿರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಅವರಿಂದ ಕಂಬ, ತೊಲೆ, ಸೋರಿಕೆ, ಕಬ್ಬಿಣದ ತುಕ್ಕು ಪರಿಶೀಲಿಸಲು ತಗಲುವ ಶುಲ್ಕ ಒಟ್ಟು ವೆಚ್ಚದಲ್ಲಿ ತೀರಾ ಚಿಕ್ಕದು.

ಸ್ವಾಧೀನಾನುಭವ ಪತ್ರ (ಒಸಿ) ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ನೀಡಬಾರದು ಮತ್ತು ಬ್ಯಾಂಕ್‌ಗಳು ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ನಿರ್ದೇಶನ ನೀಡಿತು. ಇದರಿಂದ ಬೆಂಗಳೂರಿನ ಸಾವಿರಾರು ಮನೆಗಳಿಗೆ ಸಂಪರ್ಕ ಸಿಗುವುದು ಕಷ್ಟವಾದಾಗ, 1200 ಚದರ ಅಡಿವರೆಗಿನ ನಿವೇಶನಗಳ ಸಣ್ಣ ವಸತಿ ಕಟ್ಟಡಗಳಿಗೆ ಮಹಡಿಗಳ ಮಿತಿಯೊಂದಿಗೆ ವಿನಾಯಿತಿ ನೀಡಲು ರಾಜ್ಯ ಸರ್ಕಾರ 2025ರಲ್ಲಿ ನಿರ್ಧರಿಸಿತು. ಆ ಮಿತಿ ಮೀರಿದ ಕಟ್ಟಡಕ್ಕೆ ಈ ಅನುಕೂಲವಿಲ್ಲ.

ನೀರು, ಮೀಟರ್: ಬಾಡಿಗೆದಾರರು ಮೊದಲು ಕೇಳುವುದು ಇದನ್ನೇ

2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಜನ ಪರದಾಡಿದರು. ಅಂದಿನಿಂದ 'ಕಾವೇರಿ ನೀರು ಇದೆಯೇ' ಎಂಬುದು ಮನೆ ನೋಡಲು ಬಂದವರ ಮೊದಲ ಪ್ರಶ್ನೆ. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಅದೇ ವರ್ಷ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಆದರೆ ಬೀದಿಯಲ್ಲಿ ಕೊಳವೆ ಹಾಕಿದ್ದಾರೆ ಎಂದರೆ ಮನೆಗೆ ಸಂಪರ್ಕ ಇದೆ ಎಂದಲ್ಲ. ಜಲಮಂಡಳಿಯ ಇತ್ತೀಚಿನ ಬಿಲ್ ನೋಡಿ ಖಚಿತಪಡಿಸಿಕೊಳ್ಳಬೇಕು. ಸಾಧ್ಯವಾದರೆ ಕಟ್ಟಡವನ್ನು ಏಪ್ರಿಲ್ ತಿಂಗಳಲ್ಲಿ ನೋಡುವುದು ಒಳ್ಳೆಯದು. 30×40 ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೆ ಮಳೆನೀರು ಕೊಯ್ಲು ಕಡ್ಡಾಯ, ಇಲ್ಲದಿದ್ದರೆ ನೀರಿನ ಬಿಲ್ ಜೊತೆ ದಂಡ ಬೀಳುತ್ತದೆ.

ಪ್ರತಿ ಮನೆಗೂ ಪ್ರತ್ಯೇಕ ಬೆಸ್ಕಾಂ ಮೀಟರ್ ಇರಬೇಕು. ಗೃಹಜ್ಯೋತಿ ಯೋಜನೆಯ ಲಾಭ ಬಾಡಿಗೆದಾರರಿಗೂ ಸಿಗುತ್ತದೆ. ಅದಕ್ಕೆ ಅವರ ಆಧಾರ್ ಆ ಮನೆಯ ಆರ್‌ಆರ್ ಸಂಖ್ಯೆಗೆ ಜೋಡಣೆಯಾಗಬೇಕು. ಒಂದೇ ಮೀಟರ್‌ನಿಂದ ಎರಡು ಮನೆಗೆ ವಿದ್ಯುತ್ ಹಂಚಿದ ಕಟ್ಟಡದಲ್ಲಿ ಪ್ರತಿ ತಿಂಗಳೂ ಜಗಳ.

ಈಗಿರುವ ಬಾಡಿಗೆದಾರರ ಅಡ್ವಾನ್ಸ್ ಯಾರ ಬಳಿ ಇದೆ?

ಬಾಡಿಗೆದಾರರು ಇರುವ ಕಟ್ಟಡ ಕೊಂಡರೆ ಮೊದಲ ತಿಂಗಳಿಂದಲೇ ಬಾಡಿಗೆ ಬರುತ್ತದೆ. ಆದರೆ ಅವರು ಹಳೆಯ ಮಾಲೀಕರಿಗೆ ಕೊಟ್ಟ ಅಡ್ವಾನ್ಸ್ ಹಿಂದಿರುಗಿಸುವ ಹೊಣೆಯೂ ಜೊತೆಗೇ ಬರುತ್ತದೆ. ಬೆಂಗಳೂರಿನಲ್ಲಿ ಹಿಂದೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಪಡೆಯುವ ರೂಢಿ ಇತ್ತು, ಈಗ ಹಲವೆಡೆ ಅದು ಇಳಿದಿದೆ. ನಮ್ಮ ಉದಾಹರಣೆಯ ಕಟ್ಟಡದಲ್ಲಿ ಹತ್ತು ತಿಂಗಳ ಲೆಕ್ಕದಲ್ಲಿ ಇದು 6.3 ಲಕ್ಷ ರೂ. ಈ ಮೊತ್ತವನ್ನು ಮಾರಾಟದ ಬೆಲೆಯಲ್ಲಿ ಕಳೆಯಬೇಕು.

ಇನ್ನೂ ಎಚ್ಚರ ಬೇಕಾದುದು ಲೀಸ್, ಅಂದರೆ ಭೋಗ್ಯದ ಮನೆಗಳ ವಿಷಯದಲ್ಲಿ. ಎಂಟು ಹತ್ತು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವವರು, ಅವಧಿ ಮುಗಿದಾಗ ಪೂರ್ತಿ ಹಣ ಕೇಳುತ್ತಾರೆ. ಮಾರಾಟಗಾರರ ಪಟ್ಟಿಯಲ್ಲಿ ಅಂಥ ಮನೆಗೂ 'ಬಾಡಿಗೆ 14,000' ಎಂದು ಬರೆದಿರಬಹುದು. ಮುಂಗಡ ಕೊಡುವ ಮೊದಲೇ ಪ್ರತಿ ಬಾಗಿಲಿಗೂ ಹೋಗಿ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಎಂದಿನಿಂದ ಇದ್ದಾರೆ ಎಂದು ಕೇಳಿ, ಬರಹದಲ್ಲಿ ಸಹಿ ಪಡೆಯಬೇಕು. ನೀರು ಸೋರುವ ಗೋಡೆ, ರಾತ್ರಿ ನಿಲ್ಲುವ ಮೋಟರ್, ಪಕ್ಕದ ಮನೆಯ ತಕರಾರು ಯಾವುದೂ ಅವರಿಗೆ ತಿಳಿಯದೆ ಇರುವುದಿಲ್ಲ.

ಕರಾರು ಮತ್ತು ಕಾನೂನು

ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ 11 ತಿಂಗಳ ಕರಾರು ರೂಢಿಯಲ್ಲಿದೆ. ಮುಂಬೈ, ಪುಣೆಯಲ್ಲಿ ಇರುವವರಿಗೆ ಲೀವ್ ಅಂಡ್ ಲೈಸೆನ್ಸ್ ಕರಾರು ಪರಿಚಿತ. ಮಹಾರಾಷ್ಟ್ರದಲ್ಲಿ ಅದರ ನೋಂದಣಿ ಅವಧಿ ಎಷ್ಟೇ ಇದ್ದರೂ ಕಡ್ಡಾಯ. ತಮಿಳುನಾಡಿನಲ್ಲಿ 2017ರ ಕಾಯ್ದೆಯಡಿ ಬಾಡಿಗೆ ಕರಾರನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಹಾಗಾಗಿ ಇರುವ ಊರಿನ ಅನುಭವವನ್ನು ಬೆಂಗಳೂರಿಗೆ ಹಾಗೆಯೇ ಅನ್ವಯಿಸಲಾಗದು.

ಕರ್ನಾಟಕ ಬಾಡಿಗೆ ಕಾಯ್ದೆ 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂ.ವರೆಗಿನ ಬಾಡಿಗೆಗೆ ಮಾತ್ರ ಅನ್ವಯ. ಇಂದಿನ ಬಹುತೇಕ ಮನೆಗಳಿಗೆ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಕರಾರಿನ ಷರತ್ತುಗಳೇ ಆಧಾರ. ಆದ್ದರಿಂದ ವಾರ್ಷಿಕ ಏರಿಕೆ, ನೋಟಿಸ್ ಅವಧಿ, ಬಣ್ಣದ ಖರ್ಚು, ನೀರಿನ ಶುಲ್ಕ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಎಂಬುದೆಲ್ಲ ಕರಾರಿನಲ್ಲಿ ಸ್ಪಷ್ಟವಿರಬೇಕು. ಬಾಡಿಗೆ ಕೊಡದೆ ಕುಳಿತವರನ್ನು ಬಿಡಿಸಲು ನೋಟಿಸ್ ಕೊಟ್ಟು ನ್ಯಾಯಾಲಯಕ್ಕೆ ಹೋಗುವುದೊಂದೇ ದಾರಿ. ಬೀಗ ಹಾಕುವುದು, ವಿದ್ಯುತ್ ಕಡಿತ ಮಾಡುವುದು ಮಾಲೀಕರನ್ನೇ ಕಟಕಟೆಗೆ ನಿಲ್ಲಿಸುತ್ತದೆ.

ತೆರಿಗೆ ಲೆಕ್ಕ ಹೇಗೆ?

ಬಂದ ಬಾಡಿಗೆಯಲ್ಲಿ ಪಾವತಿಸಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ಪ್ರಮಾಣಿತ ಕಡಿತ ಸಿಗುತ್ತದೆ. ನಿಜವಾದ ದುರಸ್ತಿ ಖರ್ಚು ಹೆಚ್ಚಿರಲಿ, ಕಡಿಮೆಯಿರಲಿ ಕಡಿತ ಅಷ್ಟೇ. ನಂತರ ಸಾಲದ ಬಡ್ಡಿಯನ್ನು ಕಳೆಯಬಹುದು.

ಉದಾಹರಣೆಗೆ ಬಂದ ಬಾಡಿಗೆ 6.93 ಲಕ್ಷ. ಆಸ್ತಿ ತೆರಿಗೆ 15,000 ಮತ್ತು ಶೇ. 30 ಕಳೆದರೆ 4.75 ಲಕ್ಷ. 50 ಲಕ್ಷ ಸಾಲದ ಮೊದಲ ವರ್ಷದ ಬಡ್ಡಿ ಸುಮಾರು 4.2 ಲಕ್ಷ. ತೆರಿಗೆಗೆ ಒಳಪಡುವುದು 50 ಸಾವಿರದ ಆಸುಪಾಸು ಮಾತ್ರ. ಬಡ್ಡಿಯೇ ಹೆಚ್ಚಾಗಿ ನಷ್ಟ ಬಂದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಆದಾಯದೊಂದಿಗೆ ಹೊಂದಿಸಬಹುದು. ಹೊಸ ಪದ್ಧತಿಯಲ್ಲಿ ಆ ಅವಕಾಶವಿಲ್ಲ. ದೊಡ್ಡ ಸಾಲ ಮಾಡಿ ತೆರಿಗೆ ಉಳಿಸುವ ಸಲಹೆ ಕೇಳುವ ಮುನ್ನ ತಾವು ಯಾವ ಪದ್ಧತಿಯಲ್ಲಿದ್ದೇವೆ ಎಂದು ನೋಡಿಕೊಳ್ಳಬೇಕು.

50 ಲಕ್ಷ ಅಥವಾ ಹೆಚ್ಚಿನ ಬೆಲೆಯ ಆಸ್ತಿ ಕೊಳ್ಳುವಾಗ ಶೇ. 1 ಟಿಡಿಎಸ್ ಕಡಿತ ಮಾಡಿ ಕಟ್ಟುವುದು ಕೊಳ್ಳುವವರ ಹೊಣೆ. ಮಾರಾಟಗಾರರು ಅನಿವಾಸಿ ಭಾರತೀಯರಾದರೆ ನಿಯಮವೇ ಬೇರೆ, ದರವೂ ಹೆಚ್ಚು. ಆಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಹೆಚ್ಚಿನ ನಗದು ಪಡೆಯುವುದು ನಿಷಿದ್ಧ. ಅಷ್ಟಕ್ಕಷ್ಟೇ ದಂಡ ಬೀಳಬಹುದು. ಆಸ್ತಿ ತೆರಿಗೆಯಲ್ಲಿ ಬಾಡಿಗೆ ಮನೆಗೆ ಸ್ವಂತ ವಾಸದ ಮನೆಗಿಂತ ಹೆಚ್ಚು ದರ. ಹಳೆಯ ಮಾಲೀಕರು 'ಸ್ವಂತ ವಾಸ' ಎಂದು ಘೋಷಿಸಿ ಕಡಿಮೆ ಕಟ್ಟಿದ್ದರೆ ಬಾಕಿ ಮತ್ತು ದಂಡದ ನೋಟಿಸ್ ಆಸ್ತಿಯ ಮೇಲೆಯೇ ಬರುತ್ತದೆ. ಹಿಂದಿನ ವರ್ಷಗಳ ರಸೀದಿಗಳಲ್ಲಿ ಈ ಅಂಕಣ ನೋಡುವುದು ಒಳ್ಳೆಯದು.

ದೂರದಲ್ಲಿದ್ದು ನಿಭಾಯಿಸುವುದು ಹೇಗೆ?

ಬಾಡಿಗೆ ಆದಾಯ ಕೂತು ತಿನ್ನುವ ಆದಾಯವಲ್ಲ. ಪುಣೆಯಲ್ಲಿ ಇರುವ ಮಾಲೀಕರಿಗೆ ರಾತ್ರಿ ಹತ್ತಕ್ಕೆ 'ಸಂಪ್‌ನಲ್ಲಿ ನೀರಿಲ್ಲ' ಎಂಬ ಕರೆ ಬಂದಾಗ, ಅಲ್ಲಿಗೆ ಹೋಗಿ ನೋಡುವ ಒಬ್ಬರು ಬೇಕು. ನೆಂಟರನ್ನು ಉಚಿತವಾಗಿ ನೋಡಿಕೊಳ್ಳಿ ಎಂದು ಕೇಳಿದರೆ ಮೊದಲು ಕಟ್ಟಡ ಹಾಳಾಗುತ್ತದೆ, ಆಮೇಲೆ ನೆಂಟಸ್ತನ. ಹಾಗಾಗಿ ಮೇಲಿನ ಲೆಕ್ಕದಲ್ಲಿ ಉಸ್ತುವಾರಿಗೆ ಹಣ ಇಟ್ಟಿರುವುದು. ಪ್ಲಂಬರ್, ಎಲೆಕ್ಟ್ರೀಷಿಯನ್, ಟ್ಯಾಂಕರ್‌ನವರ ಸಂಖ್ಯೆ ಪ್ರತಿ ಬಾಡಿಗೆದಾರರ ಬಳಿಯೂ ಇರಬೇಕು. ಬಾಡಿಗೆ ಬ್ಯಾಂಕ್ ಮೂಲಕವೇ ಬರಬೇಕು. ಅಡ್ವಾನ್ಸ್ ಹಣವನ್ನು ಪ್ರತ್ಯೇಕ ಠೇವಣಿಯಲ್ಲಿಟ್ಟರೆ ಬಾಡಿಗೆದಾರರು ಬಿಡುವ ದಿನ ಪರದಾಡಬೇಕಿಲ್ಲ.

ಆರಂಭಿಸುವವರಿಗೆ ಸರಿಯಾದ ಕ್ರಮ

1. ಎರಡು ಬಡಾವಣೆ ಮಾತ್ರ ಆರಿಸಿಕೊಂಡು, ಅಲ್ಲಿನ ಖಾಲಿ ಮನೆಗಳ ನಿಜವಾದ ಬಾಡಿಗೆಯನ್ನು ಬಾಡಿಗೆದಾರರಂತೆ ಹೋಗಿ ವಿಚಾರಿಸುವುದು.
2. ಮೇಲಿನ ಪಟ್ಟಿಯಂತೆ ನಿವ್ವಳ ಬಾಡಿಗೆ ಮತ್ತು ಕಟ್ಟಡ ಹೊರಬಲ್ಲ ಸಾಲವನ್ನು ಬರೆದುಕೊಳ್ಳುವುದು.
3. ಅನುಮೋದಿತ ನಕ್ಷೆಯಲ್ಲಿ ಇರುವ ಮನೆಗಳ ಬಾಡಿಗೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು.
4. ಮುಂಗಡಕ್ಕೆ ಮೊದಲೇ ವಕೀಲರ ವರದಿ, ಎಂಜಿನಿಯರ್ ವರದಿ ಪಡೆಯುವುದು. ಬ್ಯಾಂಕ್ ಸಾಲ ಮಂಜೂರಾದರೆ ದಾಖಲೆ ಸರಿಯಿದೆ ಎಂದೇ ಅರ್ಥವಲ್ಲ.
5. ದಾಖಲೆಯಲ್ಲಿ ದೋಷ ಕಂಡರೆ ಮುಂಗಡ ಪೂರ್ತಿ ವಾಪಸ್ ಎಂಬ ಷರತ್ತನ್ನು ಕರಾರಿನಲ್ಲಿ ಬರೆಸುವುದು.
6. ಕನಿಷ್ಠ ಆರು ತಿಂಗಳ ಇಎಂಐ ಮತ್ತು ಒಂದು ದೊಡ್ಡ ದುರಸ್ತಿಯ ಹಣ ಬದಿಗಿಡುವುದು.

ಹಣ ಕಡಿಮೆಯಿದ್ದರೆ 20×30 ನಿವೇಶನದ ಎರಡು ಮನೆಯ ಕಟ್ಟಡದಿಂದ ಆರಂಭಿಸಬಹುದು. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರಿನಲ್ಲಿ ಬೆಲೆ ಕಡಿಮೆ, ಬಾಡಿಗೆಯೂ ಕಡಿಮೆ. ಲೆಕ್ಕದ ವಿಧಾನ ಅದೇ. ಊರಿನಲ್ಲಿ ಈಗಾಗಲೇ ಕುಟುಂಬದ ನಿವೇಶನ ಇರುವವರಿಗೆ ಪರಿಸ್ಥಿತಿ ಬೇರೆ. ಭೂಮಿಯ ಬೆಲೆ ಕೊಡಬೇಕಿಲ್ಲದ ಕಾರಣ ನಕ್ಷೆಯಂತೆ ಕಟ್ಟಿದ ಮೂರು ಮನೆಯ ಬಾಡಿಗೆ ನಿರ್ಮಾಣದ ಸಾಲವನ್ನು ಹೊರುವ ಸಾಧ್ಯತೆ ಹೆಚ್ಚು. ಅಂಥವರು ಅಣ್ಣತಮ್ಮ, ಅಕ್ಕತಂಗಿಯರ ನಡುವೆ ಪಾಲುಪತ್ರ ನೋಂದಾಯಿಸಿ, ಆಮೇಲೆ ಅಡಿಪಾಯ ಹಾಕುವುದು ಕ್ಷೇಮ.

ಒಳ್ಳೆಯ ಕಟ್ಟಡ ಕೈತಪ್ಪುತ್ತದೆ, ಇವತ್ತೇ ಟೋಕನ್ ಕೊಡಿ ಎಂದು ಅವಸರಪಡಿಸುವವರು ಎಲ್ಲ ಕಡೆ ಇರುತ್ತಾರೆ. ಬೆಂಗಳೂರಿನಲ್ಲಿ ಮಾರಾಟಕ್ಕಿರುವ ಬಾಡಿಗೆ ಕಟ್ಟಡಗಳಿಗೆ ಕೊರತೆಯಿಲ್ಲ. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ಇಪ್ಪತ್ತು ವರ್ಷದ ಉಳಿತಾಯ ಮಾತ್ರ ಮತ್ತೆ ಸಿಗುವುದಿಲ್ಲ.